ಬೆತ್ತ ಕೇಳುವವರಿಗೆ ಫೀಸು ಕಾಣುವುದಿಲ್ಲವೇ?

ಮತ್ತೆ ಬೆತ್ತದ ಮಾತು ಎದ್ದಿದೆ. ತಮಿಳುನಾಡಿನ ಗಡಿಯ ನಮ್ಮ ಹೊಸೂರು ಸೀಮೆಯಲ್ಲಿ ಶಾಲೆಯ ಸಭೆಗೆ ಹೋಗಿ, ಮದುವೆ ಊಟದ ಪಂಕ್ತಿಯಲ್ಲಿ ಕೂತುಕೊಳ್ಳಿ, ಒಂದೇ ರಾಗ: ಮೇಷ್ಟ್ರ ಕೈಯಿಂದ ಬೆತ್ತ ಕಿತ್ತುಕೊಂಡ ದಿನವೇ ಮಕ್ಕಳು ಕೆಟ್ಟರು. 2025ರ ಮಾರ್ಚ್‌ನಲ್ಲಿ ಕೇರಳ ಹೈಕೋರ್ಟು ಶಿಕ್ಷಕರ ಕೈಯಲ್ಲಿ ಬೆತ್ತ ಇರಲಿ, ಹೊಡೆಯಬೇಕೆಂದಿಲ್ಲ, ಕಣ್ಣಿಗೆ ಬಿದ್ದರೆ ಸಾಕು ಎಂಬರ್ಥದ ಮಾತು ಹೇಳಿದ ಮೇಲಂತೂ ಇವರ ದನಿ ಇನ್ನಷ್ಟು ಏರಿದೆ. ಇದು ಹೇಡಿಗಳ ವಾದ. ಹದಿಮೂರು ವರ್ಷದ ಹುಡುಗನ ಮೇಲೆ ಏಳುವ ಕೈ, ಅವನ ಅಪ್ಪನಿಂದ ಲಕ್ಷ ಲಕ್ಷ ಕೇಳುವ ಕಾಲೇಜಿನವರ ಮುಂದೆ ಜೋಡಿಸಿಕೊಂಡು ನಿಂತಿರುತ್ತದೆ.

ತಮಿಳುನಾಡು 2003ರಲ್ಲೇ ತನ್ನ ಶಿಕ್ಷಣ ನಿಯಮಗಳಿಂದ ಹೊಡೆತವನ್ನು ಕೈಬಿಟ್ಟಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಇದೆಲ್ಲ ಕಾಗದದ ಮೇಲಿನ ಮಾತು. ಬಡವರ ಮಕ್ಕಳು ಓದುವ ಕಡೆ ಸ್ಕೇಲು, ಕಿವಿ ಹಿಂಡುವುದು, ಮಂಡಿಯೂರಿಸುವುದು ನಿಂತೇ ಇಲ್ಲ. ಇಷ್ಟು ವರ್ಷದ ಏಟು ತರಗತಿಯನ್ನು ಸರಿಪಡಿಸದಿದ್ದರೆ, ಇನ್ನೂ ನಾಲ್ಕು ಏಟಿಗೆ ಏನು ಸರಿಹೋಗುತ್ತದೆ?

ತರಗತಿಯಲ್ಲಿ ಗದ್ದಲ ಇದೆ, ನಿಜ. ಪಾಠ ನಡೆಯುವಾಗ ಹಿಂದಿನ ಬೆಂಚಿನವರು ಫೋನು ನೋಡುತ್ತಾರೆ, ಟೀಚರಿಗೆ ಎದುರು ಮಾತಾಡುತ್ತಾರೆ, ಬಡಿದಾಡುತ್ತಾರೆ. ಆದರೆ ಆ ತರಗತಿಯೊಳಗೆ ಯಾರು ಕೂತಿದ್ದಾರೆ ಎಂದು ಬೆತ್ತದ ಪಂಡಿತರು ಒಮ್ಮೆಯಾದರೂ ನೋಡಿದ್ದಾರೆಯೇ? ಹೊಸೂರಿನ ಅವಲಪಲ್ಲಿಯಂಥ ಊರಲ್ಲಿ ಒಂದು ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಎದುರು ಮನೆಯಲ್ಲಿ ತಮಿಳು, ಬೀದಿ ತುದಿಯಲ್ಲಿ ಉರ್ದು. ಕಾರ್ಖಾನೆ ಕೆಲಸಕ್ಕೆ ಬಂದ ಉತ್ತರದವರ ಮಕ್ಕಳದ್ದು ಹಿಂದಿ. ತಮಿಳುನಾಡಿನ 2006ರ ಕಾಯ್ದೆ ಒಂದನೇ ತರಗತಿಯಿಂದ ತಮಿಳನ್ನು ಕಡ್ಡಾಯ ಮಾಡಿತು. ತಮಿಳು ಕಲಿಯುವುದಕ್ಕೆ ಇಲ್ಲಿನ ಯಾವ ಕನ್ನಡಿಗನ ತಕರಾರೂ ಇಲ್ಲ, ಸಂತೆಯಲ್ಲಿ, ಬಸ್ಸಿನಲ್ಲಿ ನಾವು ಆಡುವುದೇ ಅದು. ನನ್ನ ಸಿಟ್ಟು ಬೇರೆ: ಕಲಿಸುವವರನ್ನು ಸಾಕಷ್ಟು ಕೊಡದೆ ಪರೀಕ್ಷೆಯನ್ನು ಮಾತ್ರ ಕೊಟ್ಟರು. 2023ರಲ್ಲಿ ಹತ್ತನೇ ತರಗತಿಯ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ತಮಿಳು ಪತ್ರಿಕೆಯಿಂದ ವಿನಾಯಿತಿ ಉಂಟೋ ಇಲ್ಲವೋ ಎಂಬುದು ಗೊತ್ತಾದದ್ದು ಫೆಬ್ರವರಿಯಲ್ಲಿ, ಅದೂ ಸುಪ್ರೀಂ ಕೋರ್ಟಿನಿಂದ. ಪರೀಕ್ಷೆ ಶುರುವಾದದ್ದು ಏಪ್ರಿಲ್‌ನಲ್ಲಿ. ತಾನು ಯಾವ ಭಾಷೆಯ ಪರೀಕ್ಷೆ ಬರೆಯಬೇಕು ಎಂಬುದಕ್ಕೆ ದೆಹಲಿಯ ಕಡೆ ನೋಡುತ್ತ ಕೂತ ಹುಡುಗಿ ತರಗತಿಯಲ್ಲಿ ಕೈಕಟ್ಟಿ ಶಿಸ್ತಿನಿಂದಿರಬೇಕು ಎನ್ನುವವರು ಮೊದಲು ತಮ್ಮ ಸರ್ಕಾರಕ್ಕೆ ಶಿಸ್ತು ಕಲಿಸಲಿ.

ತರಗತಿಯ ಗದ್ದಲಕ್ಕೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಅದನ್ನು ಹೇಳಿದರೆ ಸಭೆ ಮೌನವಾಗುತ್ತದೆ. ಮಕ್ಕಳಿಗೆ ಲೆಕ್ಕ ಬರುತ್ತದೆ.

2025-26ರಲ್ಲಿ ತಮಿಳುನಾಡಿನಲ್ಲಿ ಉದ್ಯೋಗ ಖಾತ್ರಿಯ ನೂರು ದಿನದ ಕೆಲಸಕ್ಕೆ ನಿಗದಿಯಾದ ಕೂಲಿ ದಿನಕ್ಕೆ 336 ರೂಪಾಯಿ. ಒಂದು ದಿನವೂ ತಪ್ಪದೆ ನೂರು ದಿನ ಕೆಲಸ ಸಿಕ್ಕಿ, ಒಂದು ಪೈಸೆಯೂ ಕಡಿತವಾಗದೆ ಕೈಗೆ ಬಂದರೆ 33,600. ತಮಿಳುನಾಡಿನ ಶುಲ್ಕ ಸಮಿತಿ 2017ರಲ್ಲಿ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಸರ್ಕಾರಿ ಕೋಟಾ ಸೀಟಿಗೆ ಕಟ್ಟಿದ ಬೆಲೆ ವರ್ಷಕ್ಕೆ 50,000, ಮಾನ್ಯತೆ ಪಡೆದ ಕೋರ್ಸಿಗೆ 55,000. ಮ್ಯಾನೇಜ್‌ಮೆಂಟ್ ಸೀಟಿಗೆ 85,000ದಿಂದ ಮೇಲೆ. ಇದು ಬೋಧನಾ ಶುಲ್ಕ ಮಾತ್ರ. ಹಾಸ್ಟೆಲು, ಬಸ್ಸು, ಪುಸ್ತಕ, ಲ್ಯಾಪ್‌ಟಾಪು ಎಲ್ಲ ಬೇರೆ. ಮನೆಯಲ್ಲಿ ಮೊದಲ ಪದವೀಧರನಾದರೆ 25,000 ರಿಯಾಯಿತಿ ಉಂಟು ಎಂದು ಯಾರಾದರೂ ಎದ್ದು ನಿಲ್ಲುತ್ತಾರೆ. ಆ 55,000ದಿಂದ ಕಳೆಯಿರಿ. 30,000 ಉಳಿಯಿತು. ಅಮ್ಮ ಬಿಸಿಲಲ್ಲಿ ಕೆರೆ ಹೂಳೆತ್ತಿದ ಇಡೀ ವರ್ಷದ ಕೂಲಿ 33,600. ಮಗನ ಬೋಧನಾ ಶುಲ್ಕ 30,000. ಉಳಿದ 3,600ರಲ್ಲಿ ಆ ಮನೆ ವರ್ಷ ಪೂರ್ತಿ ಉಣ್ಣಬೇಕು.

ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ವೃತ್ತಿಪರ ಕೋರ್ಸುಗಳಲ್ಲಿ ಶೇಕಡಾ 7.5 ಮೀಸಲಾತಿ ಇದೆ, ಅವರ ಫೀಸನ್ನೂ ಸರ್ಕಾರವೇ ಕಟ್ಟುತ್ತದೆ. ಅದು ಒಳ್ಳೆಯ ಕೆಲಸ. ಆದರೆ ಗಣಿತಕ್ಕೆ ಮೇಷ್ಟ್ರಿಲ್ಲದ ಶಾಲೆಯಿಂದ ಯಾವ ಕಟಾಫ್ ಮುಟ್ಟಿ ಆ ಸೀಟಿನವರೆಗೆ ಹೋಗಬೇಕು? ಮೀಸಲಾತಿಯ ಬಾಗಿಲಾಚೆ ಉಳಿದ ಮಕ್ಕಳ ಲೆಕ್ಕ ಮತ್ತೆ ಅದೇ 33,600ಕ್ಕೆ ಬಂದು ನಿಲ್ಲುತ್ತದೆ.

ಎಂಟನೇ ತರಗತಿಯ ಹುಡುಗ ಇದನ್ನು ಮನೆಯಲ್ಲೇ ನೋಡಿರುತ್ತಾನೆ. ಅವನ ಅಕ್ಕ ಪ್ಲಸ್ ಟೂನಲ್ಲಿ ಒಳ್ಳೆಯ ಅಂಕ ತೆಗೆದು, ಕೌನ್ಸೆಲಿಂಗ್ ಕಾಗದ ಮಡಿಸಿಟ್ಟು ಕಂಪನಿ ಬಸ್ಸು ಹತ್ತಿದ್ದಾಳೆ. ಓದು ಬಿಟ್ಟ ಅಣ್ಣ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಕಾಂಟ್ರಾಕ್ಟ್ ಮೇಲೆ ರಾತ್ರಿ ಶಿಫ್ಟು ಮಾಡುತ್ತಾನೆ. ಓದಿದವಳೂ ಬಿಟ್ಟವನೂ ಒಂದೇ ಬಸ್ಸಿನಲ್ಲಿ ಒಂದೇ ಗೇಟಿಗೆ ಹೋಗುವುದನ್ನು ಕಂಡವನಿಗೆ ಬೀಜಗಣಿತದ ಪೀರಿಯಡ್ಡಿನಲ್ಲಿ ಯಾಕೆ ಸುಮ್ಮನೆ ಕೂರಬೇಕು ಎಂದು ಯಾವ ಬೆತ್ತ ಹೇಳಿಕೊಡುತ್ತದೆ?

"ನಾವೆಲ್ಲ ಏಟು ತಿಂದೇ ಮೇಲೆ ಬಂದದ್ದು" ಎನ್ನುವ ಹಿರಿಯರಿಗೆ ಒಂದು ಮಾತು. ನೀವು ಮೇಲೆ ಬಂದದ್ದು ಏಟಿನಿಂದಲ್ಲ, ಫೀಸು ಕಡಿಮೆ ಇದ್ದದ್ದರಿಂದ. ನಿಮ್ಮ ಅಪ್ಪ ಒಂದು ಹಸು ಮಾರಿ ನಿಮ್ಮನ್ನು ಡಿಗ್ರಿ ಓದಿಸಿದರು. ಇವತ್ತು ಹೊಲ ಮಾರಬೇಕು. ಆ ಹೊಲವೂ ಅಷ್ಟರಲ್ಲಿ ಲೇಔಟಾಗಿ ಬೇರೆಯವರ ಹೆಸರಿಗೆ ಹೋಗಿರುತ್ತದೆ.

ನಮ್ಮ ಹೊಸೂರಿನ ಪಕ್ಕದ ತೊರಪಲ್ಲಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿ ಹೊಸೂರಿನಲ್ಲಿ ಓದಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದರು. ಅದೇ ರಾಜಾಜಿ ಮದರಾಸಿನ ಮುಖ್ಯಮಂತ್ರಿಯಾಗಿ 1953ರಲ್ಲಿ ಹಳ್ಳಿ ಶಾಲೆಯ ಸಮಯ ಕತ್ತರಿಸಿ, ಮಿಕ್ಕ ಹೊತ್ತು ಮಕ್ಕಳು ಅಪ್ಪನ ಕಸುಬು ಕಲಿಯಲಿ ಎಂಬ ಯೋಜನೆ ತಂದರು. ಇದು ಕುಲಕಸುಬಿನ ಶಿಕ್ಷಣ ಎಂದು ಪೆರಿಯಾರ್ ಅವರೂ ದ್ರಾವಿಡ ಚಳವಳಿಯವರೂ ಬೀದಿಗಿಳಿದರು. ಮರುವರ್ಷ ರಾಜಾಜಿ ಕುರ್ಚಿ ಬಿಟ್ಟರು, ಕಾಮರಾಜ್ ಬಂದು ಆ ಯೋಜನೆಯನ್ನು ಕೈಬಿಟ್ಟರು. ಅಂದು ಇಡೀ ರಾಜ್ಯ ಎದ್ದು ನಿಂತು ತಡೆದದ್ದನ್ನು ಇಂದು ಫೀಸಿನ ರಸೀದಿ ಸದ್ದಿಲ್ಲದೆ ಮಾಡಿ ಮುಗಿಸುತ್ತಿದೆ. ರೈತನ ಮಗ ಗುಲಾಬಿ ಶೆಡ್ಡಿಗೆ, ಕಾರ್ಮಿಕನ ಮಗಳು ಅಸೆಂಬ್ಲಿ ಲೈನಿಗೆ. ಈಗ ಯಾಕೆ ಯಾರೂ ಬೀದಿಗಿಳಿಯುವುದಿಲ್ಲ?

ಕರ್ನಾಟಕದ ಬಗ್ಗೆಯೂ ಬಾಯಿ ಮುಚ್ಚಿಕೊಂಡಿರಲು ನನ್ನಿಂದಾಗದು. ಸೀಟು ಮಾರುವುದನ್ನು ದೇಶಕ್ಕೆ ಹೇಳಿಕೊಟ್ಟ ರಾಜ್ಯ ಅದು. 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧಿಸುವ ಕಾಯ್ದೆ ಮಾಡಿತು. 1989ರ ಜೂನ್‌ನಲ್ಲಿ ಅದೇ ಕಾಯ್ದೆಯ ಹೆಸರಲ್ಲಿ ಅಧಿಸೂಚನೆ ಹೊರಡಿಸಿ ಖಾಸಗಿ ವೈದ್ಯಕೀಯ ಕಾಲೇಜಿನ ಸರ್ಕಾರಿ ಸೀಟಿಗೆ 2,000, ಕರ್ನಾಟಕದವರ ಇತರ ಸೀಟಿಗೆ 25,000, ಹೊರ ರಾಜ್ಯದವರಿಗೆ 60,000ದವರೆಗೆ ಎಂದು ದರಪಟ್ಟಿ ಅಂಟಿಸಿತು. ತುಮಕೂರಿನ ಕಾಲೇಜೊಂದರಲ್ಲಿ ಆ 60,000 ಕಟ್ಟಲಾಗದ ಉತ್ತರ ಪ್ರದೇಶದ ಮೋಹಿನಿ ಜೈನ್ ಸುಪ್ರೀಂ ಕೋರ್ಟಿಗೆ ಹೋದರು. 1992ರ ಜುಲೈನಲ್ಲಿ ಕೋರ್ಟು ಅದನ್ನು ಕ್ಯಾಪಿಟೇಷನ್ ಎಂದೇ ಕರೆದು ಹೊಡೆದುಹಾಕಿತು. ಗೆದ್ದೆವು ಅಂದುಕೊಳ್ಳುವಷ್ಟರಲ್ಲಿ 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಖಾಸಗಿ ಕಾಲೇಜು ತನ್ನ ಫೀಸನ್ನು ತಾನೇ ನಿಗದಿ ಮಾಡಿಕೊಳ್ಳಬಹುದು, ನ್ಯಾಯವಾದ ಹೆಚ್ಚುವರಿಯನ್ನೂ ಇಟ್ಟುಕೊಳ್ಳಬಹುದು ಎಂದಿತು. ಅಂದಿನಿಂದ ಆ 'ನ್ಯಾಯವಾದ' ಹೆಚ್ಚುವರಿಗೆ ಮೇಲ್ಮಿತಿ ಎಂಬುದನ್ನು ಯಾವ ಬಡ ಅಪ್ಪನೂ ಕಂಡಿಲ್ಲ.

ಗಡಿಯ ಕನ್ನಡಿಗನ ಪಾಡು ಇನ್ನೂ ಹದಗೆಟ್ಟದ್ದು. ಕರ್ನಾಟಕದ ಸಿಇಟಿ ನಿಯಮದಲ್ಲಿ ಗಡಿನಾಡೆಂದು ಹೆಸರಿಸುವ ತಾಲೂಕುಗಳು ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ, ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ. ಹೊಸೂರು ಎಲ್ಲಿ? ತಳಿ ಎಲ್ಲಿ? ದೇಂಕಣಿಕೋಟೆ ಎಲ್ಲಿ? ಕರ್ನಾಟಕದ ಗಡಿ ಪರಿಶೀಲಿಸಿದ ಮಹಾಜನ್ ಆಯೋಗದ ವಿವಾದದಲ್ಲಿ ನಾವಿರಲಿಲ್ಲ, ಜಗಳ ಮಾಡದೆ ತಮಿಳರ ಜೊತೆ ಬಾಳಿದೆವು. ಅದಕ್ಕೆ ಸಿಕ್ಕ ಫಲ ಇದು. ಅತ್ತಿಬೆಲೆಯ ಆಚೆಗೆ ನಮ್ಮ ಮಗು ಹೊರನಾಡಿನದು. ಗಡಿಯ ಈಚೆಗೆ, ತಮಿಳು ಮಾಧ್ಯಮದಲ್ಲಿ ಓದಿದವರಿಗೆ ತಮಿಳುನಾಡಿನ 2010ರ ಕಾಯ್ದೆ ಸರ್ಕಾರಿ ನೌಕರಿಯಲ್ಲಿ ಇಟ್ಟ ಶೇಕಡಾ 20 ಆದ್ಯತೆಯಲ್ಲಿ ಕನ್ನಡ ಮಾಧ್ಯಮದ ಮಗುವಿಗೆ ಪಾಲಿಲ್ಲ. ನವೆಂಬರ್ ಒಂದರಂದು ಧ್ವಜ ಹಿಡಿದು ಗಡಿಗೆ ಬಂದು ಭಾಷಣ ಮಾಡುವ ಮಹನೀಯರು ಆ ತಾಲೂಕುಗಳ ಪಟ್ಟಿಗೆ ಒಂದು ಹೆಸರು ಸೇರಿಸಲಿ, ಭಾಷಣ ಆಮೇಲೆ ಕೇಳೋಣ.

ಶಿಸ್ತು ಎಂದರೆ ದೊಡ್ಡವರ ಮುಂದೆ ತುಟಿ ಬಿಚ್ಚದಿರುವುದು ಎಂದು ನಂಬಿದವರು ನಮ್ಮದೇ ಕೃಷ್ಣಗಿರಿ ಜಿಲ್ಲೆಯ ಬರ್ಗೂರಿನ ಕಡೆಗೆ ನೋಡಲಿ. 2024ರ ಆಗಸ್ಟ್‌ನಲ್ಲಿ ಅಲ್ಲಿನ ಖಾಸಗಿ ಶಾಲೆಯೊಂದರಲ್ಲಿ ಸುಳ್ಳು ಎನ್‌ಸಿಸಿ ಶಿಬಿರ ನಡೆದು ಹೆಣ್ಣುಮಕ್ಕಳ ಮೇಲೆ ದೌರ್ಜನ್ಯವಾಯಿತು. ದೂರು ಹೇಳಿದ ಮಕ್ಕಳ ಬಾಯಿ ಮುಚ್ಚಿಸಲು ನೋಡಿದರೆಂದು ಶಾಲೆಯ ಹಿರಿಯರನ್ನೇ ಪೊಲೀಸರು ಬಂಧಿಸಿದರು. ಕವಾಯತು, ಸೀಟಿ, ಸಮವಸ್ತ್ರ, ಎಲ್ಲ ಶಿಸ್ತೂ ಆ ಶಿಬಿರದಲ್ಲಿತ್ತು. ಆ ಮಕ್ಕಳನ್ನು ಕಾಪಾಡಿದ್ದು ಎದುರು ಮಾತಾಡುವ ಧೈರ್ಯ. ಬೆತ್ತ ಮೊದಲು ಮುರಿಯುವುದು ಅದೇ ಧೈರ್ಯವನ್ನು.

2023ರಲ್ಲಿ ತಮಿಳುನಾಡಿನ ನಾಂಗುನೇರಿಯಲ್ಲಿ ಸಹಪಾಠಿಗಳೇ ಮನೆಗೆ ನುಗ್ಗಿ ದಲಿತ ವಿದ್ಯಾರ್ಥಿಯನ್ನೂ ಅವನ ತಂಗಿಯನ್ನೂ ಕಡಿದರು. ಆಮೇಲೆ ನೇಮಿಸಿದ ನ್ಯಾಯಮೂರ್ತಿ ಚಂದ್ರು ಸಮಿತಿ 2024ರಲ್ಲಿ ಕೊಟ್ಟ ವರದಿ ಮಕ್ಕಳ ಕೈಯಲ್ಲಿರುವ ಜಾತಿಯ ಬಣ್ಣದ ದಾರ ಬಿಚ್ಚಿಸಿ ಎಂದಿತು. ಆ ದಾರವನ್ನು ಮಕ್ಕಳ ಕೈಗೆ ಕಟ್ಟಿದವರು ಯಾರು? ಮನೆಯ ದೊಡ್ಡವರು, ಊರಿನ ದೊಡ್ಡವರು. ದಾರ ಕಟ್ಟುವ ಕೈಗಳೇ ಬೆತ್ತ ಕೊಡಿ ಎನ್ನುತ್ತಿವೆ. ಕೊಟ್ಟರೆ ಆ ಬೆತ್ತ ಯಾವ ಬೀದಿಯ ಮಕ್ಕಳ ಬೆನ್ನು ಹುಡುಕಿಕೊಂಡು ಹೋಗುತ್ತದೆ ಎಂಬುದು ನಮಗೆಲ್ಲ ಗೊತ್ತು.

ಮುಂದಿನ ಪೋಷಕರ ಸಭೆಯಲ್ಲಿ ಬೆತ್ತದ ಮಾತೆತ್ತುವವರನ್ನು ಅಲ್ಲೇ ತಡೆದು ಕೇಳಿ: ನಮ್ಮ ಶಾಲೆಯಲ್ಲಿ ಕನ್ನಡ ಮೇಷ್ಟ್ರ ಹುದ್ದೆ ಎಷ್ಟು, ಎಷ್ಟು ಭರ್ತಿ? ಗಣಿತಕ್ಕೆ ಯಾರಿದ್ದಾರೆ? ಕಳೆದ ವರ್ಷ ಪ್ಲಸ್ ಟೂ ಪಾಸಾದವರಲ್ಲಿ ಎಷ್ಟು ಜನ ಕಾಲೇಜಿಗೆ ಹೋದರು, ಎಷ್ಟು ಜನ ಫೀಸು ಕೇಳಿ ವಾಪಸು ಬಂದರು? ಈ ಅಂಕಿ ಶಾಲೆಯ ಗೋಡೆಯ ಮೇಲೆ ಬರೆಸಿ. ಅದರ ಕೆಳಗೆ 33,600 ಎಂದೂ ಬರೆಸಿ. ಶಾಸಕರು ಮತ ಕೇಳಲು ಬಂದಾಗ ಆ ಗೋಡೆಯ ಮುಂದೆಯೇ ಕುರ್ಚಿ ಹಾಕಿ ಕೂರಿಸಿ.