ಹೊಸದು, ಆದರೆ ಯಾರಿಗೆ?

ಫ್ರಿಜ್ಜಿನ ಬಾಗಿಲು ಮುಚ್ಚುವಾಗ ಕೊನೆಯ ಗಳಿಗೆಯಲ್ಲಿ ಅದು ತಾನಾಗಿ ಎಳೆದುಕೊಂಡು ಅಂಟಿಕೊಳ್ಳುವುದನ್ನು ಗಮನಿಸಿದ್ದೀರಾ? ಬಾಗಿಲಿನ ಅಂಚಿನ ಮೆದು ಪಟ್ಟಿಯೊಳಗೆ ಬಾಗುವ ಅಯಸ್ಕಾಂತವಿದೆ. ಫೆರೈಟ್ ಎಂಬ ಕಬ್ಬಿಣದ ಸಂಯುಕ್ತದ ಪುಡಿಯನ್ನು ರಬ್ಬರ್ ಅಥವಾ ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ ಇದನ್ನು ತಯಾರಿಸುತ್ತಾರೆ. ಕತ್ತರಿಯಿಂದಲೂ ಕತ್ತರಿಸಬಹುದು.

ಈಗ ಒಬ್ಬ ಹೈಸ್ಕೂಲ್ ಹುಡುಗನನ್ನು ಊಹಿಸಿಕೊಳ್ಳಿ. ಅಪ್ಪ ಸ್ಕೂಟರ್ ರಿಪೇರಿ ಮಾಡುವಾಗ ಸ್ಕ್ರೂ, ಸ್ಪ್ಯಾನರ್ ಉರುಳಿಹೋಗುವುದನ್ನು ಕಂಡು, ಇಂಥ ಪಟ್ಟಿಯನ್ನು ಬಟ್ಟೆಯೊಳಗಿಟ್ಟು ಹೊಲಿದು, ಮಣಿಕಟ್ಟಿಗೆ ಕಟ್ಟಿಕೊಳ್ಳುವಂತೆ ಮಾಡಿದ. ಯಾರನ್ನೂ ನೋಡಿ ನಕಲು ಮಾಡಿದ್ದಲ್ಲ. ಇದಕ್ಕೆ ಪೇಟೆಂಟ್ ಸಿಗುತ್ತದೆಯೇ?

ಸಿಗುವುದು ಕಷ್ಟ. ಪೇಟೆಂಟ್ ಪರೀಕ್ಷಕರು ನೋಡುವುದು ಹುಡುಗನ ಪ್ರಾಮಾಣಿಕತೆಯನ್ನಲ್ಲ. ಅರ್ಜಿ ಹಾಕುವ ಮೊದಲೇ ಜಗತ್ತಿನ ಯಾವುದೇ ಮೂಲೆಯ ಪೇಟೆಂಟಿನಲ್ಲಿ, ಪತ್ರಿಕೆಯಲ್ಲಿ, ಅಂಗಡಿಯ ಕ್ಯಾಟಲಾಗಿನಲ್ಲಿ ಈ ವಸ್ತು ಇತ್ತೇ ಎಂದು ಅವರು ಹುಡುಕುತ್ತಾರೆ. ಅಯಸ್ಕಾಂತದ ಕೈಪಟ್ಟಿಗಳು ಈಗಾಗಲೇ ಮಾರಾಟದಲ್ಲಿವೆ. ಇನ್ನು, ಥೇಟ್ ಅಂಥದ್ದೇ ಸಿಗದಿದ್ದರೂ ಎರಡನೆಯ ಪ್ರಶ್ನೆಯಿದೆ: ಆ ಕೆಲಸ ಬಲ್ಲವನಿಗೆ ಇದು ಸುಲಭವಾಗಿ ಹೊಳೆಯುತ್ತಿತ್ತೇ? ತಿಳಿದ ವಸ್ತುಗಳು ತಮ್ಮ ತಮ್ಮ ಹಳೆಯ ಕೆಲಸವನ್ನೇ ಮಾಡುತ್ತಿದ್ದರೆ, ಅವನ್ನು ಬರಿದೆ ಒಟ್ಟಿಗೆ ಜೋಡಿಸುವುದು ಆವಿಷ್ಕಾರವಲ್ಲ ಎನ್ನುತ್ತದೆ ನಮ್ಮ 1970ರ ಪೇಟೆಂಟ್ ಕಾಯಿದೆ.

ಇದು ಅನ್ಯಾಯವೆನಿಸಬಹುದು. ಆದರೆ ಇದೇ ನಿಯಮ ನಮ್ಮ ಅರಿಶಿನವನ್ನೂ ಉಳಿಸಿತು. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಡಲಾಗಿತ್ತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹಳೆಯ ಗ್ರಂಥ, ಲೇಖನಗಳನ್ನು ಮುಂದಿಟ್ಟು ಅದನ್ನು ಪ್ರಶ್ನಿಸಿತು. 1997ರಲ್ಲಿ ಅಲ್ಲಿನ ಪೇಟೆಂಟ್ ಕಚೇರಿ ಆ ಹಕ್ಕನ್ನು ತಳ್ಳಿಹಾಕಿತು. ಅಜ್ಜಿಯರಿಗೆಲ್ಲ ಗೊತ್ತಿದ್ದ ವಿಷಯವೇ ಆದರೂ, ಅಲ್ಲಿ ಕೆಲಸಕ್ಕೆ ಬಂದದ್ದು ಬರಹದಲ್ಲಿದ್ದ ಸಾಕ್ಷಿ.

ಹಾಗಾದರೆ ಹುಡುಗ ಏನು ಮಾಡಬೇಕು? ಮೊದಲು ಹುಡುಕಬೇಕು. ಭಾರತದ ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ, ಗೂಗಲ್ ಪೇಟೆಂಟ್ಸ್‌ನಲ್ಲಿ ಹಣ ಕೊಡದೆಯೇ ಹುಡುಕಬಹುದು. ಹಳೆಯ ಪೇಟೆಂಟುಗಳನ್ನು ಓದಿದಾಗ ಅವು ಬಿಡಿಸದ ತೊಡಕುಗಳೂ ಕಾಣುತ್ತವೆ. ಭಾರವಾದ ಸ್ಪ್ಯಾನರ್ ಜಾರುತ್ತದೆಯೇ? ಪಟ್ಟಿಗೆ ಮೆತ್ತಿಕೊಂಡ ಕಬ್ಬಿಣದ ಪುಡಿಯನ್ನು ತೆಗೆಯುವುದು ಹೇಗೆ? ಇಂಥದ್ದಕ್ಕೆ ಯಾರಿಗೂ ಹೊಳೆಯದ ಪರಿಹಾರ ಸಿಕ್ಕರೆ, ಅಲ್ಲಿಂದ ಅವನ ಆವಿಷ್ಕಾರ ಶುರು.

ತಂದೆತಾಯಿಯರಿಗೆ ಎರಡು ಮಾತು. ನಿಜವಾಗಿಯೂ ಹೊಸದೇನಾದರೂ ಸಿಕ್ಕರೆ, ಅರ್ಜಿ ಹಾಕುವ ಮುನ್ನ ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಅದನ್ನು ಬಿಡಿಸಿ ತೋರಿಸಬೇಡಿ. ಸ್ವಂತ ಪ್ರದರ್ಶನವೇ ಮುಂದೆ ಅಡ್ಡಿಯಾಗಬಹುದು. ಹೊಸದಲ್ಲವೆಂದು ತಿಳಿದರೆ, ಮಗುವಿನ ಉತ್ಸಾಹಕ್ಕೆ ತಣ್ಣೀರೆರಚಬೇಡಿ. ಬೇರೆಯವರು ಹಿಂದೆಯೇ ಕಂಡುಕೊಂಡದ್ದನ್ನು ತಾನೂ ಸ್ವತಂತ್ರವಾಗಿ ಕಂಡುಕೊಂಡ ತಲೆ ಅದು. ಅಪ್ಪನ ಸ್ಕ್ರೂಗಳಂತೂ ಇನ್ನು ಉರುಳಿಹೋಗುವುದಿಲ್ಲ.