ಅಜ್ಜಿಯ ಕೊನೆಯ ಕಾರ್ಡು



ಹೋದ ಸಲ ಟೋಕಿಯೋದಲ್ಲಿ ಕಸ ವಿಂಗಡಿಸಿ ಹಾಕುವ ನನ್ನ ಫಜೀತಿಯನ್ನು ಬರೆದಿದ್ದೆ. ಓದಿ ನಕ್ಕೆವೆಂದು ಹಲವರು ತಿಳಿಸಿದ್ದೀರಿ. ಈ ಸಲದ್ದು ನಗುವ ವಿಷಯವಲ್ಲ. ಆದರೆ ನಿಮ್ಮ ಮನೆಗೂ ನಮ್ಮ ಮನೆಗೂ ಸೇರಿದ ವಿಷಯ. ಅದು ಶುರುವಾದದ್ದು ಒಂದು ಅಂಚೆ ಕಾರ್ಡಿನಿಂದ.

ಜಪಾನಿನಲ್ಲಿ ಹೊಸವರ್ಷಕ್ಕೆ ‘ನೆಂಗಾಜೋ’ ಎಂಬ ಕಾರ್ಡು ಕಳಿಸುವುದು ದೊಡ್ಡ ಸಂಪ್ರದಾಯ. ಡಿಸೆಂಬರ್ ತಿಂಗಳಲ್ಲೇ ಬರೆದು ಡಬ್ಬಕ್ಕೆ ಹಾಕಿದರೆ ಅಂಚೆಯವರು ಕೂಡಿಟ್ಟುಕೊಂಡು, ಜನವರಿ 1ರ ಬೆಳಿಗ್ಗೆ ಕಟ್ಟು ಕಟ್ಟಾಗಿ ಮನೆಗೆ ತಂದು ಹಾಕುತ್ತಾರೆ. ನೆಂಟರು, ಹಳೆಯ ಮೇಷ್ಟರು, ಆಫೀಸಿನವರು, ನೆರೆಯವರು, ಯಾರನ್ನೂ ಬಿಡುವಂತಿಲ್ಲ. ನಾವು ಕಳಿಸದವರಿಂದ ಒಂದು ಬಂತೋ, ಕೂಡಲೇ ಕೂತು ಉತ್ತರ ಬರೆಯಬೇಕು! ನಮ್ಮಲ್ಲಿ ಅರಿಶಿನ ಕುಂಕುಮಕ್ಕೆ ಕರೆದವರನ್ನು ನಾವೂ ತಿರುಗಿ ಕರೆಯಬೇಕಲ್ಲ, ಹಾಗೆ.

ಮೊದಲು ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜಿಯೊಬ್ಬರು ಈಗ ಮಗನ ಮನೆಗೆ ಹತ್ತಿರವಾಗಲೆಂದು ಸೈತಾಮಾದಲ್ಲಿದ್ದಾರೆ. ನಮ್ಮಲ್ಲಿಂದ ಒಂದು ಗಂಟೆಯ ರೈಲು ದಾರಿ. ವರ್ಷ ವರ್ಷವೂ ಅವರ ಕಾರ್ಡು ತಪ್ಪದೆ ಬರುತ್ತಿತ್ತು. 2025ರ ಜನವರಿ 1ರಂದೂ ಬಂತು. ಮಗಳು ಓದಿ ಹೇಳಿದಳು: “ನನಗೆ ವಯಸ್ಸಾಯಿತು. ಮುಂದಿನ ವರ್ಷದಿಂದ ಯಾರಿಗೂ ಹೊಸವರ್ಷದ ಕಾರ್ಡು ಬರೆಯುವುದಿಲ್ಲ. ಒಡನಾಟ ಮಾತ್ರ ಮೊದಲಿನಂತೆಯೇ ಇರಲಿ.”

ನನಗೆ ಪಿಚ್ಚೆನಿಸಿತು. ನಾನೇನಾದರೂ ತಪ್ಪು ಮಾಡಿದೆನೇ? ನಮ್ಮವರು ನಕ್ಕರು. “ಇದಕ್ಕೆ ಇಲ್ಲಿ ಒಂದು ಹೆಸರೇ ಇದೆ ಕಣೇ, ನೆಂಗಾಜೋ-ಜಿಮಾಯ್ ಅಂತ. ಕಾರ್ಡಿನ ವ್ಯವಹಾರ ಮುಗಿಸೋದು ಅಂತ ಅರ್ಥ. ಸುಮ್ಮನೆ ನಿಲ್ಲಿಸಿಬಿಟ್ಟರೆ ಎದುರಿನವರಿಗೆ ನೋವಾಗುತ್ತೆ. ಅದಕ್ಕೆ ಕೊನೇ ಕಾರ್ಡಿನಲ್ಲಿ ಹೇಳಿ ನಿಲ್ಲಿಸ್ತಾರೆ.” 2004ರ ಹೊಸವರ್ಷಕ್ಕೆ ಅಂಚೆಯವರು 440 ಕೋಟಿಗೂ ಮೀರಿ ಕಾರ್ಡು ಅಚ್ಚು ಹಾಕಿದ್ದರು. 2025ಕ್ಕೆ ಅದು ಸುಮಾರು 107 ಕೋಟಿಗೆ ಇಳಿದಿತ್ತು. 2024ರ ಅಕ್ಟೋಬರ್‌ನಲ್ಲಿ ಒಂದು ಕಾರ್ಡಿನ ಬೆಲೆ 63 ಯೆನ್ನಿನಿಂದ 85 ಯೆನ್ನಿಗೆ ಏರಿದ ಮೇಲೆ ಹೀಗೆ ಹೇಳಿ ನಿಲ್ಲಿಸುವವರು ಇನ್ನೂ ಹೆಚ್ಚಾದರು.

ಆ ಕಾರ್ಡನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಅದು ನನ್ನನ್ನು ಅಷ್ಟು ಕಾಡಿದ್ದೇಕೆಂದು ಹೇಳಬೇಕಾದರೆ, ಅದಕ್ಕೆ ಹಿಂದಿನ ವರ್ಷ ನಡೆದದ್ದನ್ನು ಹೇಳಬೇಕು.

ನನ್ನ ಬೆಳಗು ಇಲ್ಲಿಯೂ ಡಬ್ಬಿಯಿಂದಲೇ ಶುರು. ಇಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳಿಗೆ ಶಾಲೆಯಲ್ಲೇ ಊಟ. ಆದರೆ ನಮ್ಮದು ಸಸ್ಯಾಹಾರದ ಮನೆಯಾದ್ದರಿಂದ ನನಗೆ ಡಬ್ಬಿ ತಪ್ಪಿದ್ದಲ್ಲ. ಜಪಾನೀ ತಾಯಂದಿರು ಅನ್ನದಲ್ಲಿ ಕರಡಿಯ ಮುಖ, ಕ್ಯಾರೆಟ್ಟಿನಲ್ಲಿ ಹೂವು ಮಾಡಿ ಬೆಂಟೋ ಡಬ್ಬಿ ತುಂಬುತ್ತಾರೆ. ನೋಡಲು ಎರಡು ಕಣ್ಣು ಸಾಲದು. ಅದನ್ನು ನೋಡಿ ನಾನೂ ಚಿತ್ರಾನ್ನಕ್ಕೆ ಕಣ್ಣು ಮೂಗು ಇಟ್ಟು, ಫೋಟೋ ತೆಗೆದು, ಸ್ಟೇಟಸ್ಸಿಗೆ ಹಾಕಲು ತೊಡಗಿದೆ. ಇದು ನನ್ನೊಬ್ಬಳ ಹುಚ್ಚೇನೂ ಅಲ್ಲ. ‘ಇನ್‌ಸ್ಟಾದಲ್ಲಿ ಚೆನ್ನಾಗಿ ಕಾಣುವುದು’ ಎಂಬ ಅರ್ಥದ ‘ಇನ್‌ಸ್ಟಾಬಾಎ’ ಎಂಬ ಪದಕ್ಕೆ 2017ರಲ್ಲಿ ಜಪಾನಿನಲ್ಲಿ ವರ್ಷದ ಪದವೆಂಬ ಬಹುಮಾನವೇ ಬಂದಿತ್ತು! ಮನೆಯಲ್ಲಿ ಮಾತ್ರ ಮಗಳು ತಟ್ಟೆಯ ಮುಂದೆ ಕೈಕಟ್ಟಿ ಕೂತು ಕೇಳುತ್ತಿದ್ದಳು: “ಅಮ್ಮಾ, ಫೋಟೋ ಆಯ್ತಾ? ಈಗ ತಿನ್ನಬಹುದಾ?”

2024ರ ಏಪ್ರಿಲ್ ಮೊದಲ ವಾರ ಟೋಕಿಯೋದಲ್ಲಿ ಸಕುರಾ ಹೂವು ಅರಳಿ ನಿಂತಿತ್ತು. ಪುಳಿಯೋಗರೆ ಕಟ್ಟಿಕೊಂಡು ಹೋಗಿ ಮರದ ಕೆಳಗೆ ಚಾಪೆ ಹಾಸಿದೆವು. ನಗುನಗುತ್ತಾ ತೆಗೆಸಿಕೊಂಡ ಫೋಟೋ ಮನೆಯವರ ಗುಂಪಿಗೆ ಹೋಯಿತು. ನಿಜ ಹೇಳಲೇ? ನಮ್ಮವರ ಕೆಲಸದ ಒಪ್ಪಂದ ಮುಂದುವರಿಯುವುದೋ ಇಲ್ಲವೋ ಎಂಬ ಯೋಚನೆಯಲ್ಲಿ ಆ ವಾರ ನಾವಿಬ್ಬರೂ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಅದು ಫೋಟೋದಲ್ಲಿ ಎಲ್ಲಿ ಕಾಣಬೇಕು?

ತಿಪಟೂರಿನಿಂದ ಅಮ್ಮ ಎಂದಿನಂತೆ ದಿನಾ ಗುಲಾಬಿಯ ಮೇಲೆ ‘ಶುಭೋದಯ’ ಎಂದು ಬರೆದ ಚಿತ್ರ ಕಳಿಸುತ್ತಿದ್ದಳು. ಗುಲಾಬಿ ಬಂತೆಂದರೆ ಅಮ್ಮ ಚೆನ್ನಾಗಿದ್ದಾಳೆ ಎಂದೇ ನನ್ನ ಲೆಕ್ಕ. ಮೂರು ವಾರದ ಮೇಲೆ ಅತ್ತಿಗೆ ಫೋನಿನಲ್ಲಿ ಮಾತಿಗೆ ಮಾತು ಬಂದು ಬಾಯಿ ಬಿಟ್ಟರು. ಅಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದು, ಬಲಗೈ ಮುರಿದು, ಕಟ್ಟು ಹಾಕಿಸಿಕೊಂಡಿದ್ದಾಳೆ! ಆ ಗುಲಾಬಿಗಳನ್ನೆಲ್ಲ ಎಡಗೈಯಲ್ಲಿ ಒತ್ತಿ ಒತ್ತಿ ಕಳಿಸುತ್ತಿದ್ದಳಂತೆ.

ಅಳುತ್ತಲೇ ಕೇಳಿದೆ, “ಯಾಕಮ್ಮ ಹೇಳ್ಲಿಲ್ಲ?”

“ನೀನು ಹೂವಿನ ಕೆಳಗೆ ನಗ್ತಾ ಕೂತಿದ್ದೆ ಕಣೇ. ಅಷ್ಟು ಖುಷಿಯಾಗಿರೋಳಿಗೆ ಯಾಕೆ ಹೇಳ್ಲಿ ಅಂತ ಸುಮ್ನಾದೆ.”

ನೋಡಿದಿರಾ? ದಿನಕ್ಕೆ ಹತ್ತು ಸಲ ಒಬ್ಬರನ್ನೊಬ್ಬರು ನೋಡುತ್ತಿದ್ದೆವು. ಅವಳ ಕೈ ಮುರಿದದ್ದು ನನಗೆ ಗೊತ್ತಿಲ್ಲ, ನನ್ನ ನಿದ್ದೆ ಕೆಟ್ಟದ್ದು ಅವಳಿಗೆ ಗೊತ್ತಿಲ್ಲ!

ಆಗಲೇ ಇದನ್ನೆಲ್ಲ ಕಡಿಮೆ ಮಾಡಬೇಕೆಂದುಕೊಂಡೆ. ಆದರೆ ಹೇಗೆ? ಗುಂಪಿನಿಂದ ಹೊರಬಿದ್ದರೆ “ಜಪಾನಿಗೆ ಹೋದ್ಮೇಲೆ ಇವಳಿಗೆ ಕೊಬ್ಬು” ಎನ್ನುವುದಿಲ್ಲವೇ? ಇರೋಣವೆಂದರೆ ಮಾತಿಗೆಲ್ಲ ಉತ್ತರ ಕೊಡಬೇಕು. ಈ ಸಂಕಟ ಇಲ್ಲಿನ ಹೆಂಗಸರಿಗೂ ಇದೆ. 2011ರ ಮಾರ್ಚ್ 11ರ ಭೂಕಂಪ, ಸುನಾಮಿಯ ನಂತರ, ಅದೇ ಜೂನ್‌ನಲ್ಲಿ ಇಲ್ಲಿ ‘ಲೈನ್’ ಎಂಬ ಸಂದೇಶದ ವ್ಯವಸ್ಥೆ ಬಂತು. ಓದಿದೊಡನೆ ‘ಕಿದೊಕು’, ಅಂದರೆ ‘ಓದಿಯಾಯಿತು’ ಎಂಬ ಗುರುತು ಬೀಳುತ್ತದೆ. ಆಪತ್ತಿನಲ್ಲಿ ಉತ್ತರ ಬರೆಯಲಾಗದಿದ್ದರೂ ‘ನಮ್ಮವರು ಓದಿದರು, ಇದ್ದಾರೆ’ ಎಂದು ತಿಳಿಸುವ ಗುರುತು ಅದು. ದಿನನಿತ್ಯದ ಸಂಸಾರದಲ್ಲಿ ಅದೇ ಮುಳ್ಳಾಯಿತು. ಓದಿಯೂ ಉತ್ತರ ಕೊಡದಿರುವುದಕ್ಕೆ ‘ಕಿದೊಕು ಮುಶಿ’ ಎಂಬ ಹೆಸರು ಹುಟ್ಟಿ, ಅದರಿಂದ ಮನಸ್ತಾಪಗಳೂ ಹುಟ್ಟಿದವು. ಇವೆಲ್ಲದರಿಂದ ಬರುವ ಆಯಾಸಕ್ಕೂ ‘ಎಸ್ಸೆನ್ನೆಸ್ ತ್ಸುಕಾರೆ’ ಎಂಬ ಮಾತಿದೆ. ಐಚಿ ಪ್ರಾಂತ್ಯದ ತೊಯೊಆಕೆ ಎಂಬ ಊರಿನವರಂತೂ 2025ರ ಅಕ್ಟೋಬರ್ 1ರಿಂದ ಒಂದು ಕಟ್ಟಳೆಯನ್ನೇ ತಂದಿದ್ದಾರೆ. ಕೆಲಸ, ಓದು ಬಿಟ್ಟು ಉಳಿದದ್ದಕ್ಕೆ ದಿನಕ್ಕೆ ಎರಡು ಗಂಟೆಯಷ್ಟೇ ಫೋನು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ರಾತ್ರಿ 9ರವರೆಗೆ, ಅದಕ್ಕಿಂತ ದೊಡ್ಡ ಮಕ್ಕಳಿಗೆ 10ರವರೆಗೆ. ಮೀರಿದರೆ ದಂಡವೇನೂ ಇಲ್ಲ, ಮನೆ ಮನೆಯಲ್ಲಿ ಮಾತಾಡಿಕೊಳ್ಳಿ ಎಂಬುದಷ್ಟೇ ಉದ್ದೇಶ.

ಇಲ್ಲಿ ‘ಕೈರಾನ್‌ಬಾನ್’ ಎಂಬ ಹಳೆಯ ಪದ್ಧತಿಯೊಂದು ಇನ್ನೂ ಹಲವು ಬೀದಿಗಳಲ್ಲಿದೆ. ನೆರೆಹೊರೆಯ ಸಂಘದವರು ಸೂಚನೆಗಳನ್ನು ಒಂದು ರಟ್ಟಿಗೆ ಸಿಕ್ಕಿಸಿ ಮೊದಲ ಮನೆಗೆ ಕೊಡುತ್ತಾರೆ. ಓದಿ, ಮೊಹರು ಒತ್ತಿ ಪಕ್ಕದ ಮನೆಗೆ ದಾಟಿಸಿದರೆ ನಮ್ಮ ಕೆಲಸ ಮುಗಿಯಿತು. ನಮ್ಮ ಮೊಬೈಲಿನ ಗುಂಪುಗಳಿಗೆ ಆ ‘ಮುಗಿಯಿತು’ ಎಂಬುದೇ ಇಲ್ಲ ನೋಡಿ!

ಅಂತೂ ಅಜ್ಜಿಯ ಕಾರ್ಡು ನನಗೆ ದಾರಿ ತೋರಿಸಿತು. ಸುಮ್ಮನೆ ಎದ್ದು ಹೋಗುವುದಲ್ಲ, ಹೇಳಿ ಏಳುವುದು. ಅಂದೇ ಸಂಜೆ ಕೂತು ಬರೆದೆ: “ಎಲ್ಲರಿಗೂ ನಮಸ್ಕಾರ. ನಾಳೆಯಿಂದ ನಾನು ಈ ಗುಂಪಿನಲ್ಲಿ ಇರುವುದಿಲ್ಲ. ಯಾರ ಮೇಲೂ ಬೇಸರವಿಲ್ಲ. ಶುಭಕಾರ್ಯವೋ, ಕಷ್ಟವೋ ಇದ್ದರೆ ದಯವಿಟ್ಟು ಫೋನು ಮಾಡಿ. ನಾನೂ ಮಾಡುತ್ತೇನೆ.” ಒಂಬತ್ತು ಗುಂಪುಗಳಲ್ಲಿ ಏಳಕ್ಕೆ ಇದನ್ನು ಹಾಕಿ ಹೊರಬಂದೆ. ಶಾಲೆಯದ್ದು ಒಂದು, ಒಡಹುಟ್ಟಿದವರದ್ದು ಒಂದು ಉಳಿಯಿತು. ಸ್ಟೇಟಸ್ಸು ನಿಂತಿತು.

ಇಲ್ಲಿ ಹಲವು ಊರುಗಳಲ್ಲಿ ಸಂಜೆ ಐದಕ್ಕೆ ಬೀದಿಯ ಧ್ವನಿವರ್ಧಕಗಳಲ್ಲಿ ಒಂದು ರಾಗ ಕೇಳಿಸುತ್ತದೆ. ಭೂಕಂಪ, ನೆರೆ ಬಂದಾಗ ಎಚ್ಚರಿಸುವ ಯಂತ್ರ ಸರಿಯಿದೆಯೇ ಎಂದು ದಿನಾ ನೋಡುವ ಕ್ರಮ ಅದು. ಮಕ್ಕಳಿಗೆ ಮಾತ್ರ ‘ಆಟ ಸಾಕು, ಮನೆಗೆ ನಡೆಯಿರಿ’ ಎಂಬ ಕರೆ. ಈಗ ನನಗೂ ಅದೇ ಕರೆ. ರಾಗ ಕೇಳಿದೊಡನೆ ಫೋನು ಈರುಳ್ಳಿ ಬುಟ್ಟಿಯ ಪಕ್ಕದ ಬುಟ್ಟಿಗೆ! ಭಾನುವಾರ ಮಾತ್ರ ಬುಟ್ಟಿಗೆ ಹಾಕುವ ಮೊದಲು ಅಮ್ಮನಿಗೆ ಕರೆ. ನಮ್ಮಲ್ಲಿ ಐದಾದಾಗ ತಿಪಟೂರಿನಲ್ಲಿ ಮಧ್ಯಾಹ್ನ ಒಂದೂವರೆ. ಅಮ್ಮ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತು. ಮೊದಲ ಪ್ರಶ್ನೆ ನನ್ನದೇ: “ಎಲ್ಲಿ ನೋವಿದೆ ಹೇಳಮ್ಮ.” ಆಮೇಲೆ ಅವಳ ಸರದಿ: “ನಿಂದು ಹೇಳು.” ಇಬ್ಬರೂ ನಿಜವನ್ನೇ ಹೇಳಬೇಕೆಂಬುದು ನಮ್ಮ ಒಪ್ಪಂದ.

ಎಲ್ಲ ಸಲೀಸಾಯಿತೆಂದು ಹೇಳಲಾರೆ. ಚಿಕ್ಕಮ್ಮನ ಮಗಳ ಸೀಮಂತದ ಸುದ್ದಿ ನನಗೆ ಎರಡು ವಾರ ತಡವಾಗಿ ತಿಳಿಯಿತು. ಒಬ್ಬರು “ದೊಡ್ಡವಳಾಗಿಬಿಟ್ಟಳು” ಎಂದರಂತೆ. ನೊಂದುಕೊಂಡೆ, ಮತ್ತೆ ನಾನೇ ಅವರಿಗೆ ಫೋನು ಮಾಡಿದೆ. ಅರ್ಧ ಗಂಟೆ ಮಾತಾಡಿದ ಮೇಲೆ ಅವರು ತಮ್ಮ ಸಕ್ಕರೆ ಕಾಯಿಲೆಯ ವಿಷಯ ಹೇಳಿದರು. ಗುಂಪಿನಲ್ಲಿ ನಾಲ್ಕು ವರ್ಷ ಜೊತೆಗಿದ್ದರೂ ನನಗದು ಗೊತ್ತೇ ಇರಲಿಲ್ಲ.

ಹೊರದೇಶದಲ್ಲಿ ಮಕ್ಕಳಿರುವ ತಾಯಂದಿರೇ, ನಿಮಗೊಂದು ಮಾತು. ಫೋಟೋದಲ್ಲಿ ನಾವು ನಗುವುದನ್ನು ನೋಡಿ ನಿಮ್ಮ ನೋವನ್ನು ನುಂಗಿಕೊಳ್ಳಬೇಡಿ. ಫೋನು ಮಾಡಿ, ಹೇಳಿ. ಅದನ್ನು ಕೇಳುವುದಕ್ಕೇ ನಾವಿರುವುದು.

ಈ 2026ರ ಜನವರಿ 1ರಂದು ಅಜ್ಜಿಯ ಕಾರ್ಡು ಬರಲಿಲ್ಲ. ವಾರ ಕಳೆದು, ರವೆ ಉಂಡೆ ಕಟ್ಟಿಕೊಂಡು ಮಗಳೊಡನೆ ರೈಲು ಹತ್ತಿ ಸೈತಾಮಾಗೆ ಹೋದೆ. ಬಾಗಿಲು ತೆಗೆದ ಅಜ್ಜಿ ನನ್ನ ಎರಡೂ ಕೈ ಹಿಡಿದುಕೊಂಡು ಒಳಗೆ ಕರೆದೊಯ್ದರು. ಇಷ್ಟು ವರ್ಷ ಕಾರ್ಡು ಬರುತ್ತಿದ್ದಾಗ ಒಮ್ಮೆಯೂ ಅವರ ಹೊಸ ಮನೆಗೆ ನಾನು ಹೋಗಿರಲಿಲ್ಲ!

ನಮ್ಮ ಮನೆಗಳಲ್ಲಿ ಹೊರಡುವಾಗ ‘ಹೋಗ್ತೀನಿ’ ಎಂದರೆ ಹಿರಿಯರು ಗದರುತ್ತಾರೆ, ಅಲ್ಲವೇ? ‘ಹೋಗಿ ಬರ್ತೀನಿ ಅನ್ನು’ ಎನ್ನುತ್ತಾರೆ. ಮೊಬೈಲಿನ ಗುಂಪನ್ನು ಬಿಡುವಾಗಲೂ ಅಷ್ಟೇ ಸಾಕು ಸೋದರಿಯರೇ. ಹೋಗಿ ಬರ್ತೀನಿ ಎಂದು ಹೇಳಿ ಹೊರಡಿ, ಆಮೇಲೆ ನಿಜವಾಗಿಯೂ ಹೋಗಿ ಬನ್ನಿ.