ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಮೊದಲು ಮಾತು ಕೇಳಿಸಲಿ

ಮುಂಬೈ ಕಾಂದಿವಲಿಯ ಮನೆ ಮಾಳಿಗೆ ಮೇಲೆ ಕ್ಯಾಪ್ಟನ್ ಅಮೋಲ್ ಯಾದವ್ ಆರು ಸೀಟಿನ ವಿಮಾನ ಕಟ್ಟಿದ ಸುದ್ದಿ ಸೋಲಾಪುರ, ಅಕ್ಕಲಕೋಟ, ಜತ್ತ ಭಾಗದವರಿಗೆ ಹೊಸದೇನಲ್ಲ. ಆ ವಿಮಾನ 2016ರ ಫೆಬ್ರುವರಿಯಲ್ಲಿ ಮೇಕ್ ಇನ್ ಇಂಡಿಯಾ ಪ್ರದರ್ಶನಕ್ಕೆ ಬಂತು, 2017ರ ನವೆಂಬರಿನಲ್ಲಿ ನೋಂದಣಿಯಾಯಿತು, 2020ರಲ್ಲಿ ಧುಳೆಯಲ್ಲಿ ಹಾರಿತು. ಅಮೆರಿಕದಲ್ಲಂತೂ ಸ್ವಂತ ಕೈಯಿಂದ ಕಟ್ಟಿದ ವಿಮಾನಗಳು ಸಾವಿರಾರು ಇವೆ.

ಇಂಥ ವಿಮಾನ ಅಂದ ಕೂಡಲೇ ಜನ ಕೇಳೋದು ಎಂಜಿನ್ ಎಷ್ಟು ಶಕ್ತಿಯದು, ಖರ್ಚು ಎಷ್ಟು ಬಂತು ಅಂತ. ಒಳಗೆ ಕೂತ ಇಬ್ಬರಿಗೆ ಒಬ್ಬರ ಮಾತು ಒಬ್ಬರಿಗೆ ಹೇಗೆ ಕೇಳಿಸಬೇಕು ಅನ್ನೋದು ಯಾರ ತಲೆಗೂ ಹೊಳೆಯುವುದಿಲ್ಲ. ಕಟ್ಟುವವರಲ್ಲೂ ಕೆಲವರು ಇಂಟರ್‌ಕಾಮ್ ಅಂದರೆ ಕೊನೆಗೆ ಉಳಿದ ದುಡ್ಡಿನಲ್ಲಿ ತರುವ ವಸ್ತು ಅಂತಲೇ ತಿಳಿಯುತ್ತಾರೆ. ಈ ತಿಳಿವಳಿಕೆ ಬದಲಾಗಬೇಕು.

ಸೋಲಾಪುರದ ಪವರ್‌ಲೂಮ್ ಶೆಡ್ಡಿನಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಗ್ಗದ ಸದ್ದಿನಲ್ಲಿ ಕೂಗಿದರೂ ಕೇಳೋದಿಲ್ಲ, ಕೈಸನ್ನೆಯೇ ಗತಿ. ಸಣ್ಣ ವಿಮಾನದೊಳಗಿನ ಸದ್ದೂ 90 ಡೆಸಿಬಲ್ ದಾಟುವುದು ಸಾಮಾನ್ಯ. ಅಲ್ಲಿ ಪೈಲಟ್‌ನ ಕೈ ಕಂಟ್ರೋಲ್ ಮೇಲೆ, ಕಣ್ಣು ಹೊರಗೆ ಇರಬೇಕು. ಪಕ್ಕದವರು 'ಬಲಕ್ಕೆ ಇನ್ನೊಂದು ವಿಮಾನ ಬರ್ತಾ ಇದೆ' ಅಂತ ಹೇಳಿದ್ದು ಆ ಕ್ಷಣಕ್ಕೇ ಕಿವಿಗೆ ಬೀಳಬೇಕು. ಆದ್ದರಿಂದ ಇಂಟರ್‌ಕಾಮ್ ಶೋಕಿಯ ಸಾಮಾನಲ್ಲ, ಜೀವ ಕಾಯುವ ಸಾಮಾನು.

ಇಂಟರ್‌ಕಾಮಿನ ಕೆಲಸ ಎರಡು. ಒಳಗಿನ ಮಾತು ಒಳಗಿನವರಿಗೆ ಮುಟ್ಟಿಸುವುದು, ಗುಂಡಿ ಒತ್ತಿದಾಗ ಮಾತ್ರ ಪೈಲಟ್‌ನ ಮಾತನ್ನು ರೇಡಿಯೋ ಮೂಲಕ ಹೊರಗೆ ಕಳಿಸುವುದು. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ ಆಡುವ ಗಡಿಯ ಮನೆಗಳಲ್ಲಿ ಯಾವ ಮಾತು ಎಲ್ಲಿ ಅನ್ನೋದು ಮಕ್ಕಳಿಗೂ ಗೊತ್ತು. ಯಂತ್ರಕ್ಕೆ ಅದನ್ನು ವೈರಿಂಗ್‌ನಲ್ಲೇ ಕಲಿಸಬೇಕು. ಗುಂಡಿ ಸಿಕ್ಕಿಕೊಂಡರೆ ಮನೆಮಾತೆಲ್ಲ ಟವರಿಗೆ ಹೋಗುತ್ತದೆ, ಅದೇ ತರಂಗದಲ್ಲಿರುವ ಉಳಿದ ವಿಮಾನಗಳ ಮಾತೂ ಕಟ್ಟಿಹೋಗುತ್ತದೆ.

ಹಾಗಾದರೆ ಕೊಳ್ಳುವಾಗ ನೋಡಬೇಕಾದ್ದು ಏನು? ಒಂದು, ಕರೆಂಟು ಹೋದರೂ ಪೈಲಟ್‌ನ ಹೆಡ್‌ಸೆಟ್ ನೇರವಾಗಿ ರೇಡಿಯೋಕ್ಕೆ ಜೋಡಣೆಯಾಗುವ ಏರ್ಪಾಟು. ಇದಿಲ್ಲದ ಪೆಟ್ಟಿಗೆ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ಎರಡು, ಪ್ರತಿ ಮೈಕಿಗೂ ಬೇರೆ ಬೇರೆ ಸ್ಕ್ವೆಲ್ಚ್. ಮಾತಾಡಿದಾಗ ಮಾತ್ರ ಮೈಕ್ ತೆರೆದು, ಸುಮ್ಮನಿದ್ದಾಗ ಮುಚ್ಚುವ ವ್ಯವಸ್ಥೆ ಇದು. ಎಲ್ಲದಕ್ಕೂ ಒಂದೇ ಇದ್ದರೆ ಒಬ್ಬರು ಬಾಯಿ ತೆರೆದಾಗ ಎಲ್ಲ ಮೈಕುಗಳಿಂದಲೂ ಎಂಜಿನ್ ಸದ್ದು ನುಗ್ಗುತ್ತದೆ. ಮೂರು, ಹಿಂದಿನವರ ಹರಟೆಯಿಂದ ಪೈಲಟ್‌ನನ್ನು ಬೇರ್ಪಡಿಸುವ ಸ್ವಿಚ್. ಹಾಡು ಕೇಳುವ ಸೌಲಭ್ಯ ಇದೆಲ್ಲ ಆದ ಮೇಲಿನ ಮಾತು.

ಬ್ಯಾಟರಿ ಹಾಕಿ ಬಳಸುವ ಸಣ್ಣ ಪೆಟ್ಟಿಗೆಯೇ ಸಾಕಲ್ಲ ಅನ್ನುವವರಿದ್ದಾರೆ. ಬಾಡಿಗೆ ವಿಮಾನಕ್ಕೆ ಸರಿ. ಸ್ವಂತದ್ದರಲ್ಲಿ ತೊಡೆ ಮೇಲೆ ವೈರ್ ಇಳಿಬಿಟ್ಟುಕೊಂಡು, ಅದು ಕಂಟ್ರೋಲಿಗೆ ಸುತ್ತಿಕೊಂಡೀತು ಅನ್ನೋ ಹೆದರಿಕೆಯಲ್ಲಿ ಯಾಕೆ ಹಾರಬೇಕು?

ಒಳ್ಳೆ ಪೆಟ್ಟಿಗೆ ತಂದರೂ ಅರ್ಧ ಕೆಲಸವಷ್ಟೇ ಆದಂತೆ. ಇಂಟರ್‌ಕಾಮ್ ಹಾಳಾಗಿದೆ ಅನ್ನುವ ಬಹಳ ದೂರುಗಳ ಬೇರು ಅರ್ಥಿಂಗ್‌ನಲ್ಲಿ ಇರುತ್ತದೆ. ಲೋಹದ ವಿಮಾನದಲ್ಲಿ ದೀಪ, ಆಲ್ಟರ್ನೇಟರ್‌ಗಳ ಕರೆಂಟು ಮೈಯ ಮೂಲಕವೇ ವಾಪಸ್ ಹರಿಯುತ್ತದೆ. ಹೆಡ್‌ಸೆಟ್ ಜ್ಯಾಕ್ ಆ ಲೋಹಕ್ಕೆ ತಾಗಿದರೆ ಎರಡು ಕಡೆ ಅರ್ಥ್ ಆಗಿ, ಎಂಜಿನ್ ವೇಗದ ಜೊತೆ ಏರುವ ಕುಂಯ್ ಶಬ್ದ ಕಿವಿ ಕೊರೆಯುತ್ತದೆ. ಜ್ಯಾಕಿನ ಎರಡೂ ಬದಿಗೆ ಫೈಬರ್ ವಾಷರ್ ಹಾಕಿದರೆ ಈ ಕಾಟ ತಪ್ಪುತ್ತದೆ. ವಾಷರಿಗೆ ಖರ್ಚಾಗುವುದು ಚಿಲ್ಲರೆ ದುಡ್ಡು.

ಮೈಕಿಗೂ ಇಯರ್‌ಫೋನಿಗೂ ಬೇರೆ ಬೇರೆ ಶೀಲ್ಡೆಡ್ ವೈರ್ ಎಳೆಯಬೇಕು. ಶೀಲ್ಡನ್ನು ಇಂಟರ್‌ಕಾಮ್ ತುದಿಯಲ್ಲಿ ಮಾತ್ರ ಅರ್ಥ್ ಮಾಡಿ, ಇನ್ನೊಂದು ತುದಿ ಬಿಡಬೇಕು. ಇಗ್ನಿಷನ್, ಮಿನುಗುವ ಸ್ಟ್ರೋಬ್ ದೀಪಗಳ ವೈರಿನ ಜೊತೆ ಇವನ್ನು ಒಂದೇ ಕಟ್ಟಿನಲ್ಲಿ ಬಿಗಿಯಬಾರದು; ದಾಟಲೇಬೇಕಾದರೆ ಅಡ್ಡ ದಾಟಿಸಬೇಕು. ಇಂಟರ್‌ಕಾಮಿಗೆ ಪ್ರತ್ಯೇಕ ಫ್ಯೂಸ್ ಇರಲಿ, ರೇಡಿಯೋದ ಜೊತೆ ಗಂಟು ಹಾಕೋದು ಬೇಡ. ಇದನ್ನೆಲ್ಲ ಸೀಟು, ಒಳಹೊದಿಕೆ ಕೂರಿಸುವ ಮೊದಲೇ ಮುಗಿಸಬೇಕು. ಆಮೇಲೆ ಕೈ ಹೋಗೋದಿಲ್ಲ.

ಪರೀಕ್ಷೆ ನೆಲದ ಮೇಲೇ ಆಗಲಿ. ಎಂಜಿನ್ ಚಾಲೂ ಮಾಡಿ, ಒಂದೊಂದೇ ಸ್ವಿಚ್ ಹಾಕುತ್ತ ಕೇಳಬೇಕು. ಸ್ಟ್ರೋಬ್ ಹಾಕಿದಾಗ ಟಕ್ ಟಕ್ ಬಂದರೆ ಕಳ್ಳ ಅಲ್ಲೇ ಸಿಕ್ಕ. ಕೊನೆಗೆ ಇಂಟರ್‌ಕಾಮಿನ ಫ್ಯೂಸನ್ನೇ ಕಿತ್ತು, ರೇಡಿಯೋದಲ್ಲಿ ಮಾತು ಹೋಗಿ ಬರುತ್ತದೋ ಇಲ್ಲವೋ ನೋಡಬೇಕು.

ರೆಕ್ಕೆಗೆ ವರ್ಷಗಟ್ಟಲೆ ದುಡಿದವರಿಗೆ ಈ ಕೆಲಸಕ್ಕೆ ಇನ್ನೊಂದು ವಾರ ಕೊಡುವುದು ಹೊರೆಯಾಗಬಾರದು. ಕಟ್ಟಿದವರು ಸಾಮಾನ್ಯವಾಗಿ ಮೊದಲು ಕೂರಿಸಿಕೊಳ್ಳುವುದು ಹೆಂಡತಿ ಮಕ್ಕಳನ್ನು, ಅಣ್ಣತಮ್ಮಂದಿರನ್ನು. ಅವರು ಹೆದರಿ ಕೂಗಿದ್ದು ಪೈಲಟ್‌ಗೆ ಕೇಳಿಸದಿದ್ದರೆ ಎಷ್ಟು ಶಕ್ತಿಯ ಎಂಜಿನ್ ಇದ್ದೂ ಪ್ರಯೋಜನವಿಲ್ಲ.